ಗಜಕರ್ಣ ಮತ್ತು ದೇಹದ ರಕ್ಷಣಾ ವ್ಯವಸ್ಥೆ

ಮೈಮೇಲೆ ಉಂಗುರದಾಕಾರದಲ್ಲಿ ಎದ್ದು, ಅಂಚಿನಲ್ಲಿ ಕೆಂಪಾಗಿ, ನಡುವೆ ತಿಳಿಯಾಗಿ, ವಿಪರೀತ ನವೆಯನ್ನುಂಟುಮಾಡುವ ಚರ್ಮರೋಗವನ್ನು ಕನ್ನಡದಲ್ಲಿ ಗಜಕರ್ಣವೆಂದೂ ಹುಳುಕಡ್ಡಿಯೆಂದೂ ಕರೆಯುತ್ತಾರೆ. ಮರಾಠಿಯಲ್ಲಿಯೂ ಗಜಕರ್ಣವೆಂಬ ಹೆಸರೇ ಬಳಕೆಯಲ್ಲಿದೆ. ಹಿಂದಿಯಲ್ಲಿ ಇದು ದಾದ್, ತೆಲುಗಿನಲ್ಲಿ ತಾಮರ, ತಮಿಳಿನಲ್ಲಿ ಪಡರ್‌ತಾಮರೈ. ಮುಂಬಯಿ, ದೆಹಲಿ, ಹೈದರಾಬಾದು, ಚೆನ್ನೈ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು ಆಯಾ ಊರಿನ ಹೆಸರು ಹೇಳಿ ಔಷಧದಂಗಡಿಯಲ್ಲಿ ಕೇಳಿದರೆ ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ ಬಗೆಯ ಮುಲಾಮು ಕೈಗೆ ಬರುತ್ತದೆ. ಅದನ್ನು ಹಚ್ಚಿದ ಎರಡು ಮೂರು ದಿನಗಳಲ್ಲಿ ನವೆ ಶಮನವಾಗುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ರೋಗವು ಮೊದಲಿಗಿಂತ ವಿಸ್ತಾರವಾಗಿ ಮರಳುತ್ತದೆ. ಹೀಗೇಕೆ ಆಗುತ್ತದೆ ಎಂಬುದನ್ನು ಅರಿಯಬೇಕಾದರೆ ನಮ್ಮ ದೇಹವು ಈ ರೋಗವನ್ನು ಯಾವ ರೀತಿಯಲ್ಲಿ ಎದುರಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ರೋಗಕಾರಕ ಶಿಲೀಂಧ್ರ

ಹುಳುಕಡ್ಡಿ ಎಂಬ ಹೆಸರಿದ್ದರೂ ಈ ರೋಗಕ್ಕೂ ಹುಳುವಿಗೂ ಯಾವ ಸಂಬಂಧವೂ ಇಲ್ಲ. ಮಳೆಗಾಲದಲ್ಲಿ ಚರ್ಮದ ಚಪ್ಪಲಿಯ ಮೇಲೆ, ಕೆಟ್ಟ ಉಪ್ಪಿನಕಾಯಿಯ ಮೇಲೆ ಕಾಣಿಸಿಕೊಳ್ಳುವ ಬೂಷ್ಟು ಯಾವ ವರ್ಗಕ್ಕೆ ಸೇರಿದೆಯೋ ಆ ಶಿಲೀಂಧ್ರ ವರ್ಗಕ್ಕೇ ಇದರ ಕಾರಣಜೀವಿಯೂ ಸೇರಿದೆ. 1841ರಲ್ಲಿ ಪ್ಯಾರಿಸ್ ನಗರದಲ್ಲಿದ್ದ ಡೇವಿಡ್ ಗ್ರೂಬಿ ಎಂಬ ವೈದ್ಯನು ತಲೆಯ ಚರ್ಮದ ಒಂದು ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ಸೂಕ್ಷ್ಮದರ್ಶಕದ ನೆರವಿನಿಂದ ತೋರಿಸಿದನು. ರಾಬರ್ಟ್ ಕಾಖ್ ಆಂತ್ರಾಕ್ಸ್ ರೋಗದ ಬ್ಯಾಕ್ಟೀರಿಯವನ್ನು ಕುರಿತ ತನ್ನ ಸಂಶೋಧನೆಯನ್ನು ಪ್ರಕಟಿಸಿದ್ದು 1876ರಲ್ಲಿ. ಅಂದರೆ ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆಂಬ ತತ್ತ್ವವು ಸರ್ವಮಾನ್ಯವಾಗುವುದಕ್ಕೆ ಬಹಳ ಮೊದಲೇ ಈ ಬಗೆಯ ರೋಗದ ಮೂಲವು ತಿಳಿದಿತ್ತು. ಇಷ್ಟು ಹಿಂದೆಯೇ ಗುಟ್ಟು ಬಯಲಾದ ರೋಗವು ಇಂದಿಗೂ ಇಷ್ಟೊಂದು ಜನರನ್ನು ಕಾಡುತ್ತಿರುವುದು ಸೋಜಿಗವೇ ಸರಿ.

ನಮ್ಮ ಚರ್ಮದ ಅತ್ಯಂತ ಹೊರಗಿನ ಪದರವು ಸತ್ತ ಜೀವಕೋಶಗಳಿಂದಾದುದು. ಅದರಲ್ಲಿ ತುಂಬಿರುವ ಗಟ್ಟಿಯಾದ ಪ್ರೋಟೀನಿಗೆ ಕೆರಾಟಿನ್ ಎಂದು ಹೆಸರು. ಕೂದಲು ಮತ್ತು ಉಗುರುಗಳೂ ಇದರಿಂದಲೇ ಆದವು. ಈ ಕೆರಾಟಿನ್ನನ್ನು ಜೀರ್ಣಿಸಿಕೊಳ್ಳುವ ಶಕ್ತಿ ಹೆಚ್ಚಿನ ಜೀವಿಗಳಿಗೆ ಇಲ್ಲ. ಗಜಕರ್ಣದ ಶಿಲೀಂಧ್ರಗಳಿಗಾದರೋ ಅದೇ ಆಹಾರ. ತಮ್ಮಲ್ಲಿಯ ಕಿಣ್ವಗಳಿಂದ ಕೆರಾಟಿನ್ನನ್ನು ಕರಗಿಸಿ, ನೂಲಿನಂತಹ ಎಳೆಗಳನ್ನು ಸತ್ತ ಪದರದೊಳಗೆ ಹರಡುತ್ತ ಅವು ಬೆಳೆಯುತ್ತವೆ. ಜೀವಂತ ಪದರಕ್ಕೆ ಸಾಮಾನ್ಯವಾಗಿ ಇಳಿಯುವುದಿಲ್ಲ.

ದೇಹದ ತೊಡಕು ಇಲ್ಲಿಯೇ ಇದೆ. ರೋಗಾಣುಗಳನ್ನು ಹಿಡಿದು ಕೊಲ್ಲುವ ಬಿಳಿಯ ರಕ್ತಕಣಗಳು ರಕ್ತದೊಡನೆ ಸಂಚರಿಸುತ್ತವೆ. ಚರ್ಮದ ಸತ್ತ ಪದರದಲ್ಲಿ ರಕ್ತನಾಳಗಳೇ ಇಲ್ಲ. ಶತ್ರುವು ಕೋಟೆಯೊಳಕ್ಕೆ ನುಗ್ಗಿಲ್ಲ. ಹೊರಗೋಡೆಯ ಗಾರೆಯನ್ನು ಮೆಲ್ಲುತ್ತ ಕುಳಿತಿದ್ದಾನೆ. ಒಳಗಿನ ಸೈನ್ಯವು ಗೋಡೆಯ ಈಚೆಯಿಂದಲೇ ಅವನನ್ನು ಓಡಿಸಬೇಕಾಗಿದೆ.

ದೇಹವು ಎದುರಿಸುವ ಬಗೆ

ಮೊದಲನೆಯ ರಕ್ಷಣೆ ಚರ್ಮದ ಸ್ವಭಾವದಲ್ಲಿಯೇ ಅಡಗಿದೆ. ಹೊರಚರ್ಮವು ಕೆಳಗಿನಿಂದ ಹೊಸ ಕೋಶಗಳನ್ನು ಹುಟ್ಟಿಸುತ್ತ ಮೇಲಿನ ಹಳೆಯ ಕೋಶಗಳನ್ನು ಸದಾ ಉದುರಿಸುತ್ತಿರುತ್ತದೆ. ಹೀಗೆ ಪೂರ್ತಿಯಾಗಿ ಹೊಸದಾಗಲು ಸುಮಾರು ನಾಲ್ಕು ವಾರಗಳು ಬೇಕು. ಉದುರುವ ವೇಗಕ್ಕಿಂತ ಬೇಗನೆ ಬೆಳೆದರೆ ಮಾತ್ರ ಶಿಲೀಂಧ್ರಕ್ಕೆ ಉಳಿವು. ಒಣಗಿದ ಚರ್ಮದಲ್ಲಿ ಅದು ಬೇರೂರಲಾರದು. ಬೆವರಿನಿಂದ ನೆನೆದ ತೊಡೆಸಂದು, ಸೊಂಟ, ಕಂಕುಳು, ಸ್ತನಗಳ ಕೆಳಭಾಗ, ಕಾಲ್ಬೆರಳ ಸಂದುಗಳು ಅದಕ್ಕೆ ಅನುಕೂಲ. ಚರ್ಮದ ಎಣ್ಣೆಯಂಶದಲ್ಲಿರುವ ಕೆಲವು ಕೊಬ್ಬಿನಾಮ್ಲಗಳೂ ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತವೆ. ತಲೆಯ ಗಜಕರ್ಣವು ಮಕ್ಕಳಲ್ಲಿ ಹೆಚ್ಚಾಗಿದ್ದು ಪ್ರಾಯಕ್ಕೆ ಬಂದ ಮೇಲೆ ವಿರಳವಾಗುವುದಕ್ಕೆ ಇದೂ ಒಂದು ಕಾರಣವೆಂದು ಭಾವಿಸಲಾಗಿದೆ. ಇನ್ನು ರಕ್ತದ್ರವದಲ್ಲಿರುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಕಬ್ಬಿಣದ ಅಂಶವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣವಿಲ್ಲದೆ ಶಿಲೀಂಧ್ರ ಬೆಳೆಯದು. ಅದು ಕೆಳಗಿನ ಜೀವಂತ ಪದರಕ್ಕೆ ಇಳಿಯದಿರುವುದಕ್ಕೆ ಈ ಏರ್ಪಾಡೂ ಸಹಾಯಕ.

ಈ ತಡೆಗಳನ್ನು ಮೀರಿ ಶಿಲೀಂಧ್ರ ನೆಲೆಯೂರಿದಾಗ ಎರಡನೆಯ ಹಂತ ಆರಂಭವಾಗುತ್ತದೆ. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಬೀಟಾ ಗ್ಲೂಕಾನ್ ಎಂಬ ಸಕ್ಕರೆಯ ಸರಪಣಿಯಿರುತ್ತದೆ. ಮನುಷ್ಯರ ಜೀವಕೋಶಗಳಲ್ಲಿ ಇದು ಇಲ್ಲ. ಆದ್ದರಿಂದ ಇದು ಕಂಡೊಡನೆ ‘ಪರಕೀಯ’ ಎಂದು ಗುರುತಿಸುವುದು ಸುಲಭ. ಹೀಗೆ ಗುರುತಿಸುವ ಡೆಕ್ಟಿನ್-1 ಎಂಬ ಗ್ರಾಹಕದ ಕಾರ್ಯವು 2001ರಲ್ಲಿ ಬೆಳಕಿಗೆ ಬಂದಿತು. ಎಚ್ಚರಗೊಂಡ ಕೋಶಗಳು ರಾಸಾಯನಿಕ ಸಂದೇಶಗಳನ್ನು ಹೊರಡಿಸುತ್ತವೆ. ಸಂದೇಶ ತಲುಪಿದ ಕಡೆ ರಕ್ತನಾಳಗಳು ಹಿಗ್ಗುತ್ತವೆ, ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳು ರಕ್ತನಾಳಗಳಿಂದ ಹೊರಬಿದ್ದು ಸತ್ತ ಪದರದ ಬುಡದವರೆಗೂ ಬರುತ್ತವೆ. ಚರ್ಮದ ಕೋಶಗಳೂ ಸುಮ್ಮನಿರದೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕಿರುಪ್ರೋಟೀನುಗಳನ್ನು ಸ್ರವಿಸುತ್ತವೆ.

ಅದೇ ಸಮಯದಲ್ಲಿ ಹೊರಚರ್ಮದಲ್ಲಿ ಕಾವಲಿರುವ ಲ್ಯಾಂಗರ್‌ಹಾನ್ಸ್ ಕೋಶಗಳು ಶಿಲೀಂಧ್ರದ ತುಣುಕುಗಳನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗಳಿಗೆ ಹೋಗುತ್ತವೆ. ಅಲ್ಲಿ ಟಿ-ಲಿಂಫೋಸೈಟುಗಳೆಂಬ ಕಣಗಳಿಗೆ ಶತ್ರುವಿನ ಪರಿಚಯವಾಗುತ್ತದೆ. ಈ ಪರಿಚಯಕ್ಕೆ ಕಾಲಾವಕಾಶ ಬೇಕು. ಪರಿಚಿತವಾದ ಟಿ-ಕಣಗಳು ಚರ್ಮಕ್ಕೆ ಮರಳಿ ಬಂದು ಇಂಟರ್‌ಫೆರಾನ್-ಗಾಮಾ, ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-22 ಮೊದಲಾದ ದ್ರವ್ಯಗಳನ್ನು ಬಿಡುಗಡೆ ಮಾಡುತ್ತವೆ. ಇವುಗಳ ಪ್ರಭಾವದಿಂದ ನ್ಯೂಟ್ರೋಫಿಲ್‌ಗಳು ಮತ್ತಷ್ಟು ಬರುತ್ತವೆ, ಹೊರಚರ್ಮದ ಕೋಶಗಳು ಎಂದಿಗಿಂತ ವೇಗವಾಗಿ ವೃದ್ಧಿಯಾಗುತ್ತವೆ. ನಾಲ್ಕು ವಾರಗಳಲ್ಲಿ ಆಗಬೇಕಾದ ಉದುರುವಿಕೆಯು ಬೇಗಬೇಗನೆ ನಡೆದು ಶಿಲೀಂಧ್ರವು ತಾನು ತಿನ್ನುತ್ತಿದ್ದ ನೆಲದ ಸಮೇತ ಹೊರಕ್ಕೆ ತಳ್ಳಲ್ಪಡುತ್ತದೆ.

ಕೆಂಪು, ಊತ, ನವೆ, ಹೊಟ್ಟು ಏಳುವಿಕೆ ಇವೆಲ್ಲವನ್ನೂ ನಾವು ರೋಗವೆಂದು ಕರೆಯುತ್ತೇವೆ. ವಾಸ್ತವವಾಗಿ ಇವುಗಳಲ್ಲಿ ಬಹುಪಾಲು ದೇಹವು ರೋಗವನ್ನು ಹೊರದೂಡುವ ಕಾರ್ಯದ ಚಿಹ್ನೆಗಳು. ಉಂಗುರದ ಆಕಾರವೂ ಇದರಿಂದಲೇ ಉಂಟಾದುದು. ಶಿಲೀಂಧ್ರವು ಒಂದು ಬಿಂದುವಿನಿಂದ ಸುತ್ತಲೂ ಸಮವಾಗಿ ಹರಡುತ್ತ ಹೋಗುತ್ತದೆ. ಹಿಂದೆ ಬಿಟ್ಟ ನೆಲದಲ್ಲಿ ದೇಹವು ಅದನ್ನು ಹೊರದೂಡಿರುವುದರಿಂದ ನಡುಭಾಗ ತಿಳಿಯಾಗುತ್ತದೆ. ಹೋರಾಟ ನಡೆಯುತ್ತಿರುವುದು ಅಂಚಿನಲ್ಲಿ. ಪ್ರಯೋಗಾಲಯದ ಪರೀಕ್ಷೆಗಾಗಿ ವೈದ್ಯರು ಅಂಚಿನಿಂದಲೇ ಹೊಟ್ಟನ್ನು ಕೆರೆದು ತೆಗೆಯುವುದು ಈ ಕಾರಣಕ್ಕಾಗಿ.

1970ರ ದಶಕದಲ್ಲಿ ಅಮೆರಿಕದಲ್ಲಿ ಸ್ವಯಂಸೇವಕರ ಚರ್ಮಕ್ಕೆ ಶಿಲೀಂಧ್ರವನ್ನು ಸೋಂಕಿಸಿ ಅದರ ಗತಿಯನ್ನು ಗಮನಿಸಲಾಯಿತು. ಮೊದಲ ಸಲದ ಸೋಂಕು ಕೆಲಕಾಲ ಸದ್ದಿಲ್ಲದೆ ಹರಡಿತು. ಟಿ-ಕಣಗಳ ಪ್ರತಿಕ್ರಿಯೆ ತಲೆದೋರಿದಾಗ ಉರಿಯೂತ ಹೆಚ್ಚಿತು, ಅನಂತರ ಸೋಂಕು ತಾನಾಗಿ ಗುಣವಾಯಿತು. ಎರಡನೆಯ ಸಲ ಸೋಂಕಿಸಿದಾಗ ಪ್ರತಿಕ್ರಿಯೆ ಬೇಗನೆ ಬಂದಿತು, ಗುಣವೂ ಬೇಗನೆ ಕಂಡಿತು.

ಕೆರಳಿಸುವ ಶಿಲೀಂಧ್ರ, ಕೆರಳಿಸದ ಶಿಲೀಂಧ್ರ

ಹೀಗಿದ್ದರೂ ಕೆಲವರಲ್ಲಿ ಗಜಕರ್ಣವು ವರ್ಷಗಟ್ಟಲೆ ಉಳಿಯುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ದನದ ಕೊಟ್ಟಿಗೆಯಿಂದ ಆರಂಭಿಸುವುದು ಉಚಿತ.

ದನಕರುಗಳಿಗೆ ಬರುವ ಗಜಕರ್ಣವು ಅವುಗಳ ಆರೈಕೆ ಮಾಡುವವರಿಗೂ ಅಂಟುವುದುಂಟು. ಮನುಷ್ಯರಲ್ಲಿ ಇದು ಬಹಳ ಉಗ್ರವಾಗಿ ಕಾಣಿಸುತ್ತದೆ. ಚರ್ಮ ಊದಿಕೊಂಡು ಕೀವು ತುಂಬಿ ನೋವಾಗುತ್ತದೆ. ಆದರೆ ಇಂತಹ ಸೋಂಕು ಅನೇಕ ವೇಳೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿ ನಿರ್ಮೂಲವಾಗಿ, ಮತ್ತೆ ಬಾರದಂತೆ ಬಹುಕಾಲ ರಕ್ಷಣೆಯನ್ನು ಬಿಟ್ಟುಹೋಗುತ್ತದೆ. ಮನುಷ್ಯರ ಚರ್ಮಕ್ಕೆ ಪಳಗಿದ, ಮನುಷ್ಯರಿಂದ ಮನುಷ್ಯರಿಗೆ ಹರಡುವ ಟ್ರೈಕೊಫೈಟಾನ್ ರೂಬ್ರಮ್‌ನಂತಹ ಶಿಲೀಂಧ್ರಗಳ ರೀತಿ ಬೇರೆ. ಅವು ಅಲ್ಪ ಕೆಂಪು, ಅಲ್ಪ ಹೊಟ್ಟು, ಒಂದಿಷ್ಟು ನವೆ ಇಷ್ಟನ್ನೇ ಉಂಟುಮಾಡಿ ಕಾಲ್ಬೆರಳ ಸಂದಿನಲ್ಲಿ ಇಪ್ಪತ್ತು ವರ್ಷ ಬೇಕಾದರೂ ಇರಬಲ್ಲವು. ದೇಹವನ್ನು ಕೆರಳಿಸುವ ಶಿಲೀಂಧ್ರ ಹೊರಬೀಳುತ್ತದೆ, ಕೆರಳಿಸದೆ ಇರುವುದು ನೆಲೆಸುತ್ತದೆ.

ದನಗಳಲ್ಲಿ ಉಂಟಾಗುವ ಈ ರಕ್ಷಣೆಯನ್ನು ಬಳಸಿಕೊಂಡು ಸೋವಿಯತ್ ಒಕ್ಕೂಟದ ವಿಜ್ಞಾನಿಗಳು ದುರ್ಬಲಗೊಳಿಸಿದ ಜೀವಂತ ಶಿಲೀಂಧ್ರದಿಂದ ಲಸಿಕೆಯೊಂದನ್ನು ತಯಾರಿಸಿದರು. 1970ರ ದಶಕದ ಕೊನೆಯ ಭಾಗದಿಂದ ನಾರ್ವೆ ದೇಶವು ತನ್ನ ದನಕರುಗಳಿಗೆ ಇದನ್ನು ವ್ಯಾಪಕವಾಗಿ ಹಾಕಿಸಿ ಈ ರೋಗವನ್ನು ಬಹುಮಟ್ಟಿಗೆ ಹತೋಟಿಗೆ ತಂದಿತು. ಮನುಷ್ಯರಿಗೆ ಅಂತಹ ಲಸಿಕೆ ಬಳಕೆಯಲ್ಲಿಲ್ಲ.

ಮನುಷ್ಯರಿಗೆ ಒಗ್ಗಿದ ಶಿಲೀಂಧ್ರಗಳು ದೇಹದ ಕಣ್ಣು ತಪ್ಪಿಸುವ ಉಪಾಯಗಳನ್ನು ಕಲಿತಿವೆ. ಟ್ರೈಕೊಫೈಟಾನ್ ರೂಬ್ರಮ್‌ನ ಕೋಶಭಿತ್ತಿಯಲ್ಲಿರುವ ಮ್ಯಾನನ್ ಎಂಬ ದ್ರವ್ಯವು ಲಿಂಫೋಸೈಟುಗಳ ವೃದ್ಧಿಯನ್ನು ಕುಗ್ಗಿಸುತ್ತದೆ, ಹೊರಚರ್ಮದ ಕೋಶಗಳ ಬೆಳವಣಿಗೆಯನ್ನೂ ನಿಧಾನಗೊಳಿಸುತ್ತದೆ. ಪರಿಣಾಮವಾಗಿ ಚರ್ಮವು ಬೇಗನೆ ಉದುರುವುದಿಲ್ಲ.

ಇದಲ್ಲದೆ ದೇಹದ ಪ್ರತಿಕ್ರಿಯೆಯೇ ಕೆಲವರಲ್ಲಿ ಬೇರೆ ದಾರಿ ಹಿಡಿಯುತ್ತದೆ. ಶಿಲೀಂಧ್ರದಿಂದ ತಯಾರಿಸಿದ ಟ್ರೈಕೊಫೈಟಿನ್ ಎಂಬ ಸಾರವನ್ನು ಚರ್ಮದೊಳಗೆ ಚುಚ್ಚಿದರೆ, ಸೋಂಕನ್ನು ಗೆದ್ದವರಲ್ಲಿ ಎರಡು ದಿನಗಳ ನಂತರ ಚುಚ್ಚಿದ ಕಡೆ ಗಟ್ಟಿಯಾದ ಊತ ಬರುತ್ತದೆ. ಇದು ಟಿ-ಕಣಗಳ ಕೆಲಸ. ದೀರ್ಘಕಾಲದ ಸೋಂಕಿರುವವರಲ್ಲಿ ಅನೇಕರಿಗೆ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿಯೇ ಗಂಧೆಯಂತಹ ಊತ ಎದ್ದು ಮರೆಯಾಗುತ್ತದೆ. ಎರಡು ದಿನಗಳ ನಂತರದ ಗಟ್ಟಿ ಊತ ಬರುವುದಿಲ್ಲ. ಇದು ಐಜಿಇ ಎಂಬ ಪ್ರತಿಕಾಯದ ಕೆಲಸ, ಉಬ್ಬಸ ಮತ್ತು ಅಲರ್ಜಿಗಳಲ್ಲಿ ಕಾಣುವಂತಹುದೇ. ಪ್ರತಿಕಾಯಗಳು ಎಷ್ಟಿದ್ದರೂ ಗಜಕರ್ಣದಲ್ಲಿ ಅವುಗಳಿಂದ ಪ್ರಯೋಜನ ಕಡಿಮೆ. ರೋಗಿಗೆ ನವೆ ಇರುತ್ತದೆ, ಶಿಲೀಂಧ್ರಕ್ಕೆ ಅಪಾಯವಿರುವುದಿಲ್ಲ. ಮೇಲೆ ಹೇಳಿದ ಸ್ವಯಂಸೇವಕರ ಪ್ರಯೋಗಗಳಲ್ಲಿಯೂ ಅಲರ್ಜಿಯ ಪ್ರವೃತ್ತಿಯಿದ್ದವರಲ್ಲಿಯೇ ಸೋಂಕು ದೀರ್ಘವಾಗಿ ಉಳಿಯುವ ಒಲವು ಕಂಡಿತು.

ಗುರುತಿಸುವ ಏರ್ಪಾಡಿನಲ್ಲಿಯೇ ದೋಷವಿದ್ದರೆ ಏನಾಗುತ್ತದೆ ಎಂಬುದಕ್ಕೆ 2013ರಲ್ಲಿ ಒಂದು ನಿದರ್ಶನ ದೊರೆಯಿತು. ಡೆಕ್ಟಿನ್ ಗ್ರಾಹಕದ ಸುದ್ದಿಯನ್ನು ಕೋಶದೊಳಕ್ಕೆ ಸಾಗಿಸುವ ಕಾರ್ಡ್-9 ಎಂಬ ಪ್ರೋಟೀನು ಅಲ್ಜೀರಿಯ, ಟ್ಯುನೀಸಿಯ, ಮೊರಾಕೊ ದೇಶಗಳ ಕೆಲವು ಕುಟುಂಬಗಳವರಲ್ಲಿ ಆನುವಂಶಿಕ ದೋಷದಿಂದ ಇರಲಿಲ್ಲ. ಅವರಲ್ಲಿ ಇದೇ ಸಾಮಾನ್ಯ ಶಿಲೀಂಧ್ರವು ಒಳಚರ್ಮಕ್ಕೂ ದುಗ್ಧಗ್ರಂಥಿಗಳಿಗೂ ಇಳಿದು ಪ್ರಾಣಾಪಾಯವನ್ನುಂಟುಮಾಡಿತ್ತು. ಇಂತಹ ದೋಷ ಅತ್ಯಂತ ವಿರಳ. ಮಧುಮೇಹವಿರುವವರು, ಎಚ್.ಐ.ವಿ. ಸೋಂಕಿತರು, ಅಂಗಕಸಿಯ ನಂತರ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಗಳನ್ನು ಸೇವಿಸುವವರು ಇವರಲ್ಲಿಯೂ ಗಜಕರ್ಣ ವ್ಯಾಪಕವಾಗಬಹುದು. ಆದರೆ ನಮ್ಮ ದೇಶದಲ್ಲಿ ಹಠಮಾರಿ ಗಜಕರ್ಣದಿಂದ ಬಳಲುತ್ತಿರುವ ಬಹುಮಂದಿ ಈ ಯಾವ ಗುಂಪಿಗೂ ಸೇರದ ಆರೋಗ್ಯವಂತರು. ಅವರ ರಕ್ಷಣಾ ವ್ಯವಸ್ಥೆಯಲ್ಲಿ ಹುಟ್ಟಿನಿಂದ ಕೊರತೆಯಿಲ್ಲ. ಅದನ್ನು ಹೊರಗಿನಿಂದ ನಿಷ್ಕ್ರಿಯಗೊಳಿಸಲಾಗುತ್ತಿದೆ.

ಸ್ಟೀರಾಯ್ಡ್ ಮುಲಾಮು ಮಾಡುವುದೇನು?

ಚರ್ಮಕ್ಕೆ ಹಚ್ಚುವ ಹೈಡ್ರೊಕಾರ್ಟಿಸೋನ್ 1952ರಲ್ಲಿ ಬಳಕೆಗೆ ಬಂದಾಗ ಚರ್ಮವೈದ್ಯದಲ್ಲಿ ಹೊಸ ಯುಗವೇ ಆರಂಭವಾಯಿತು. ಇಸುಬು ಮೊದಲಾದ ರೋಗಗಳಲ್ಲಿ ಸ್ಟೀರಾಯ್ಡ್ ಮುಲಾಮುಗಳು ಇಂದಿಗೂ ಅಮೂಲ್ಯ ಔಷಧಗಳು. ಉರಿಯೂತದ ಸಂದೇಶಗಳನ್ನು ತಡೆಯುವುದು ಅವುಗಳ ಗುಣ. ಗಜಕರ್ಣಕ್ಕೆ ಹಚ್ಚಿದಾಗಲೂ ಅವು ಅದನ್ನೇ ಮಾಡುತ್ತವೆ. ರಕ್ತನಾಳಗಳು ಕುಗ್ಗುತ್ತವೆ, ನ್ಯೂಟ್ರೋಫಿಲ್‌ಗಳು ಬರುವುದಿಲ್ಲ, ಟಿ-ಕಣಗಳು ಸ್ತಬ್ಧವಾಗುತ್ತವೆ, ಹೊರಚರ್ಮದ ಕೋಶವೃದ್ಧಿ ನಿಧಾನವಾಗುತ್ತದೆ. ಕೆಂಪು ಮಾಯವಾಗುತ್ತದೆ, ನವೆ ನಿಲ್ಲುತ್ತದೆ. ರೋಗಿಯು ಗುಣವಾಯಿತೆಂದು ಸಂತೋಷಪಡುತ್ತಾನೆ. ಮನೆಗೆ ಕಳ್ಳ ನುಗ್ಗಿದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತಾಯಿತು. ಶಿಲೀಂಧ್ರವು ಯಾವ ವಿರೋಧವೂ ಇಲ್ಲದೆ ಹರಡುತ್ತದೆ. ಮುಲಾಮು ನಿಲ್ಲಿಸಿದಾಗ ದೇಹವು ಎಚ್ಚೆತ್ತು ಹೆಚ್ಚಿನ ವಿಸ್ತಾರದಲ್ಲಿ ಪ್ರತಿಕ್ರಿಯಿಸುತ್ತದೆ. ಹೆದರಿದ ರೋಗಿ ಮತ್ತೆ ಅದೇ ಮುಲಾಮಿಗೆ ಕೈಚಾಚುತ್ತಾನೆ.

ಹೀಗೆ ಸ್ಟೀರಾಯ್ಡ್ ಸೋಕಿದ ಗಜಕರ್ಣವು ತನ್ನ ಗುರುತನ್ನೇ ಕಳೆದುಕೊಳ್ಳುತ್ತದೆ. ಉಂಗುರದ ಅಂಚು ಅಳಿಸಿಹೋಗಿ ಬೇರಾವುದೋ ಚರ್ಮರೋಗದಂತೆ ಕಾಣುತ್ತದೆ. 1968ರಲ್ಲಿಯೇ ಬ್ರಿಟಿಷ್ ವೈದ್ಯರು ಇದನ್ನು ‘ವೇಷ ಮರೆಸಿದ ಗಜಕರ್ಣ’ ಎಂಬರ್ಥದ ಹೆಸರಿನಿಂದ ವರ್ಣಿಸಿದ್ದರು. ಕೆಲವರಲ್ಲಿ ಉಂಗುರದೊಳಗೆ ಉಂಗುರ ಮೂಡುತ್ತದೆ. ಹಚ್ಚಿದಾಗ ಅಡಗಿ ಬಿಟ್ಟಾಗ ಏಳುವ ಉರಿಯೂತದ ಅಲೆಗಳ ಗುರುತು ಅದು. ಬಹುಕಾಲ ಹಚ್ಚಿದ ತೊಡೆಸಂದಿನಲ್ಲಿ ಚರ್ಮ ತೆಳುವಾಗಿ ಸೀಳುಗೆರೆಗಳು ಬೀಳುತ್ತವೆ. ಇವು ಶಾಶ್ವತವಾಗಿ ಉಳಿಯುತ್ತವೆ.

ನಮ್ಮ ದೇಶದಲ್ಲಿ ಕ್ಲೊಬೆಟಸಾಲ್, ಬೆಕ್ಲೊಮೆಥಸೋನ್, ಬೆಟಾಮೆಥಸೋನ್ ಮೊದಲಾದ ಸ್ಟೀರಾಯ್ಡುಗಳನ್ನು ಶಿಲೀಂಧ್ರನಾಶಕ ಹಾಗೂ ಬ್ಯಾಕ್ಟೀರಿಯ ನಾಶಕ ಔಷಧಗಳೊಡನೆ ಒಂದೇ ಕೊಳವೆಯಲ್ಲಿ ಬೆರೆಸಿ ಮಾರುವ ಪದ್ಧತಿ ಬೆಳೆಯಿತು. ಅಗ್ಗ, ತಕ್ಷಣದ ಉಪಶಮನ, ಚೀಟಿಯ ಗೊಡವೆಯಿಲ್ಲ. ಸುಮಾರು 2013-14ರಿಂದೀಚೆಗೆ ದೇಶದ ಎಲ್ಲ ಭಾಗಗಳ ಚರ್ಮವೈದ್ಯರು ಚಿಕಿತ್ಸೆಗೆ ಬಗ್ಗದ, ಇಡೀ ಮನೆಮಂದಿಗೆ ಹಬ್ಬುವ ಗಜಕರ್ಣವನ್ನು ಹೆಚ್ಚು ಹೆಚ್ಚಾಗಿ ಕಾಣತೊಡಗಿದರು. ಕಾರಣವಾದ ಶಿಲೀಂಧ್ರವೂ ಬದಲಾಗಿತ್ತು. ಹಿಂದೆ ಮೇಲುಗೈಯಾಗಿದ್ದ ರೂಬ್ರಮ್ ಹಿಂದೆ ಸರಿದು ಬೇರೊಂದು ಪ್ರಭೇದ ಮುಂದೆ ಬಂದಿತ್ತು. ಜಪಾನಿನಲ್ಲಿದ್ದ ಒಬ್ಬ ನೇಪಾಳಿ ಮತ್ತು ಒಬ್ಬ ಭಾರತೀಯ ರೋಗಿಯಿಂದ ದೊರೆತ ಮಾದರಿಗಳ ಆಧಾರದ ಮೇಲೆ 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟೀನಿಯೆ ಎಂಬ ಹೆಸರನ್ನಿಡಲಾಯಿತು. ಟರ್ಬಿನಾಫಿನ್ ಎಂಬ ಮುಖ್ಯ ಔಷಧವು ಹಿಡಿಯಬೇಕಾದ ಕಿಣ್ವವೇ ಇದರ ಅನೇಕ ತಳಿಗಳಲ್ಲಿ ರೂಪಾಂತರಗೊಂಡಿರುವುದರಿಂದ ಆ ಔಷಧಕ್ಕೆ ಅವು ಜಗ್ಗುವುದಿಲ್ಲ. 2023ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿಯೂ ಇದು ವರದಿಯಾಯಿತು. ಹೊಸ ಪ್ರಭೇದದ ಹರಡುವಿಕೆಗೆ ಸ್ಟೀರಾಯ್ಡ್ ಒಂದೇ ಕಾರಣವೆಂದು ಹೇಳಲಾಗದು. ಅರ್ಧಂಬರ್ಧ ಚಿಕಿತ್ಸೆ, ಬಿಗಿಯಾದ ಉಡುಪು, ಇಕ್ಕಟ್ಟಿನ ವಸತಿ ಎಲ್ಲವೂ ಸೇರಿವೆ. ಆದರೆ ದೇಹದ ಪ್ರತಿರೋಧವಿಲ್ಲದ ಚರ್ಮವು ಅದಕ್ಕೆ ಹದವಾದ ಹೊಲವನ್ನು ಒದಗಿಸಿತೆಂಬುದರಲ್ಲಿ ಹೆಚ್ಚಿನ ಸಂದೇಹವಿಲ್ಲ.

ಕೇಂದ್ರ ಸರ್ಕಾರವು 2018ರ ಮಾರ್ಚ್ ತಿಂಗಳಿನಲ್ಲಿ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ಔಷಧ ನಿಯಮಗಳ ‘ಎಚ್’ ಅನುಸೂಚಿಗೆ ಸೇರಿಸಿತು. ಇವುಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರತಕ್ಕದ್ದಲ್ಲ. ನಿಯಮವು ಬಲವಾಗಿದ್ದರೂ ಕೊಳ್ಳುವವರು ಕೊಳವೆಯ ಮೇಲಿನ ಅಕ್ಷರಗಳನ್ನು ಓದುವ ಅಭ್ಯಾಸವನ್ನಿಟ್ಟುಕೊಳ್ಳದೆ ಅದರ ಫಲ ದೊರೆಯದು. ‘ಸೋಲ್’, ‘ಸೋನ್’ ಎಂದು ಕೊನೆಗೊಳ್ಳುವ ಹೆಸರುಗಳನ್ನೆಲ್ಲ ಒಂದೇ ಎಂದು ತಿಳಿಯಬಾರದು. ಕ್ಲೊಟ್ರಿಮಝೋಲ್ ಶಿಲೀಂಧ್ರನಾಶಕ, ಬೆಟಾಮೆಥಸೋನ್ ಸ್ಟೀರಾಯ್ಡ್.

ಚಿಕಿತ್ಸೆಯಲ್ಲಿ ಗಮನಿಸಬೇಕಾದುವು

ಶಿಲೀಂಧ್ರನಾಶಕ ಔಷಧಗಳಲ್ಲಿ ಅನೇಕವು ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತವೆ. ತಡೆದುದನ್ನು ಹೊರಹಾಕುವ ಕೆಲಸ ದೇಹದ್ದು. ಸೋಂಕಿದ ಪದರವೆಲ್ಲ ಉದುರಿ ಹೋಗುವವರೆಗೆ ಔಷಧ ಮುಂದುವರಿಯಬೇಕು. ಆದುದರಿಂದ ನವೆ ನಿಂತ ಮೇಲೂ ವೈದ್ಯರು ಹೇಳಿದಷ್ಟು ದಿನ ಬಿಡದೆ ಹಚ್ಚುವುದು, ಸೇವಿಸುವುದು ಅಗತ್ಯ. ಈಗಿನ ದಿನಗಳಲ್ಲಿ ಇದು ನಾಲ್ಕು ವಾರಗಳಿಗೆ ಕಡಿಮೆಯಾಗುವುದು ಅಪರೂಪ. ಹಳೆಯ ರೋಗದಲ್ಲಿ ಇನ್ನೂ ಹೆಚ್ಚು. ಮುಲಾಮನ್ನು ಉಂಗುರದ ಅಂಚಿನಿಂದ ಸುಮಾರು ಎರಡು ಸೆಂಟಿಮೀಟರ್ ಆಚೆಯವರೆಗೆ ಹಚ್ಚಬೇಕು, ಏಕೆಂದರೆ ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಶಿಲೀಂಧ್ರ ಹೋಗಿರುತ್ತದೆ.

ಸ್ಟೀರಾಯ್ಡ್ ಮುಲಾಮನ್ನು ಬಹಳ ದಿನ ಹಚ್ಚಿದವರು ಅದನ್ನು ಬಿಟ್ಟಾಗ ಕೆಲವು ದಿನ ಕೆಂಪು ಮತ್ತು ನವೆ ಹೆಚ್ಚಾಗಬಹುದೆಂದು ಮೊದಲೇ ತಿಳಿದಿರಬೇಕು. ಅದು ದೇಹದ ರಕ್ಷಣೆ ಮರಳುತ್ತಿರುವ ಲಕ್ಷಣ. ವೈದ್ಯರು ನವೆಗೆ ಬೇರೆ ಮಾತ್ರೆಗಳನ್ನು ಕೊಡಬಲ್ಲರು. ಚಿಕಿತ್ಸೆ ಆರಂಭಿಸಿದ ಮೇಲೆ ಕೈಗಳಲ್ಲಿ ಅಥವಾ ಬೇರೆಡೆ ಸಣ್ಣ ಗುಳ್ಳೆಗಳೇಳುವುದೂ ಉಂಟು. ಆ ಗುಳ್ಳೆಗಳಲ್ಲಿ ಶಿಲೀಂಧ್ರವಿರುವುದಿಲ್ಲ; ದೂರದ ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಅದು. ಔಷಧ ಹಿಡಿಸಲಿಲ್ಲವೆಂದು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತೋರಿಸತಕ್ಕದ್ದು.

ಉಗುರುಗಳನ್ನು ಪರೀಕ್ಷಿಸಿಕೊಳ್ಳುವುದನ್ನು ಅನೇಕರು ಮರೆಯುತ್ತಾರೆ. ಉಗುರಿನಲ್ಲಿ ದೇಹದ ಪ್ರತಿಕ್ರಿಯೆ ಬಹಳ ಮಂದವಾದುದರಿಂದ ಅಲ್ಲಿ ಶಿಲೀಂಧ್ರವು ನಿಶ್ಚಿಂತೆಯಿಂದ ಉಳಿದು ಮೈಯ ಉಳಿದ ಭಾಗಕ್ಕೆ ಮರಳಿ ಮರಳಿ ಹರಡುತ್ತದೆ. ಮನೆಯಲ್ಲಿ ಒಬ್ಬರಿಗಿದ್ದರೆ ಎಲ್ಲರನ್ನೂ ಪರೀಕ್ಷಿಸಿ, ಸೋಂಕಿರುವವರಿಗೆಲ್ಲ ಏಕಕಾಲದಲ್ಲಿ ಚಿಕಿತ್ಸೆ ನಡೆಸಬೇಕು. ಟವೆಲು, ಒಳಉಡುಪು, ಹಾಸಿಗೆ ಹೊದಿಕೆಗಳನ್ನು ಹಂಚಿಕೊಳ್ಳಬಾರದು. ಸೋಂಕಿತರ ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ತಿರುವಿಹಾಕಿ ಒಣಗಿಸಬೇಕು. ಮುಂಬಯಿಯ ಮಳೆಗಾಲದಲ್ಲಿ ಬಿಸಿಲಿಗಾಗಿ ಕಾಯುವುದು ವ್ಯರ್ಥವಾದ್ದರಿಂದ ಹೊಲಿಗೆಯ ಮಡಿಕೆಗಳ ಮೇಲೆ ಬಿಸಿ ಇಸ್ತ್ರಿಯಾಡಿಸಿ ಪೂರ್ತಿ ಒಣಗಿದ ಮೇಲೆಯೇ ತೊಡುವುದು ಮೇಲು.

ರೋಗ ವಾಸಿಯಾದ ಕಡೆ ಕಂದು ಬಣ್ಣದ ಕಲೆ ಉಳಿಯುತ್ತದೆ. ಉರಿಯೂತದಿಂದ ಚರ್ಮದ ವರ್ಣದ್ರವ್ಯ ಹೆಚ್ಚಿದ್ದರಿಂದಾದ ಕಲೆಯಿದು. ಅದರಲ್ಲಿ ಶಿಲೀಂಧ್ರವಿಲ್ಲ, ನವೆಯಿಲ್ಲ, ಇತರರಿಗೆ ಅಂಟುವುದೂ ಇಲ್ಲ. ಹಲವು ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ. ಇದನ್ನು ಹೋಗಲಾಡಿಸಲೆಂದು ಅಂಗಡಿಯಲ್ಲಿ ಕೇಳಿ ಪಡೆಯುವ ಬಿಳುಪಿನ ಕ್ರೀಮುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ.